ಮಳೆಗಾಲದ ಮೃಗದರ್ಶನ

ಸಂಸ್ಕೃತದ ಮೃಗ ಶಬ್ದವು ಹುಡುಕುವುದೆಂಬ ಅರ್ಥವುಳ್ಳ ಧಾತುವಿನಿಂದ ಬಂದುದೆಂದು ವೈಯಾಕರಣರು ಹೇಳುತ್ತಾರೆ. ಹುಡುಕಲ್ಪಡುವುದು ಯಾವುದೋ ಅದೇ ಮೃಗ. ಪಂಜರದೊಳಗಿನ ಪ್ರಾಣಿಗೆ ಈ ಹೆಸರು ಒಪ್ಪುವುದೇ ಎಂಬುದನ್ನು ವಿಚಾರಮಾಡಬೇಕಾದೀತು. ಆದರೆ ಆಷಾಢ ಮಾಸದಲ್ಲಿ ಬಂಡೀಪುರದ ಕಾಡನ್ನು ನೋಡಿಬಂದವರಿಗೆ ಈ ವ್ಯುತ್ಪತ್ತಿಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಹೆಂಡಿರು ಮಕ್ಕಳೊಡನೆ ಹೊರಟು, ನಂಜನಗೂಡು ಬೇಗೂರುಗಳನ್ನು ದಾಟಿ, ಗುಂಡ್ಲುಪೇಟೆಯಲ್ಲಿ ಕಾಫಿ ಸೇವಿಸಿ, ಇಲಾಖೆಯ ಬಂಡಿಯನ್ನೇರಿ ಜಡಿಮಳೆಯಲ್ಲಿ ಕಾಡನ್ನು ಸುತ್ತಿಬಂದ ಗೃಹಸ್ಥರ ಬಾಯಿಂದ ವರ್ಷವರ್ಷವೂ ಕೇಳಿಬಂದಿರುವ ಮಾತು ಒಂದೇ: “ಏನೂ ಕಾಣಲಿಲ್ಲ.” ನಾಲ್ಕು ಜಿಂಕೆ, ಒಂದು ನವಿಲು, ಆನೆಯ ಬೆನ್ನೋ ಬಂಡೆಯೋ ನಿರ್ಧರವಾಗದೆ ಹೋದ ಒಂದು ಕರಿಯ ಆಕಾರ, ಇವು ಲೆಕ್ಕಕ್ಕೆ ಬರುವುದಿಲ್ಲ. ಬೇಸಗೆಯಲ್ಲಿ ಹೋಗಿಬಂದ ನೆಂಟರು ಮೊದಲೇ ಮೂರು ಹುಲಿಗಳ ಚಿತ್ರವನ್ನು ತೋರಿಸಿದ್ದರಂತೂ ವ್ಯಸನವು ಇಮ್ಮಡಿಯಾಗುವುದು.

ಕಾಡಿನಲ್ಲಿ ಪ್ರಾಣಿಗಳಿಲ್ಲದೆ ಹೀಗಾಗುವುದೆಂದು ಯಾರೂ ಹೇಳಲಾರರು. 2022ರ ಗಣತಿಯನ್ನು ಆಧರಿಸಿ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದಲ್ಲಿ 150 ಹುಲಿಗಳಿವೆಯೆಂದು ಅಂದಾಜು ಮಾಡಿದರು. ಭಾರತದ ಹುಲಿಕಾಡುಗಳ ಪೈಕಿ ಹಿಮಾಲಯದ ತಪ್ಪಲಿನ ಕಾರ್ಬೆಟ್ ಒಂದನ್ನು ಬಿಟ್ಟರೆ ಇದೇ ಹೆಚ್ಚು. 2023ರ ಆನೆಗಣತಿಯಲ್ಲಿ ಕರ್ನಾಟಕಕ್ಕೆ 6,395 ಆನೆಗಳ ಅಂದಾಜು ಬಂದಿತು. ಅವುಗಳಲ್ಲಿ 1,116 ಬಂಡೀಪುರದವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1931ರಲ್ಲಿ, ಇಲ್ಲಿ 90 ಚದರ ಕಿಲೋಮೀಟರಿನಷ್ಟು ಕಾಡನ್ನು ಪ್ರತ್ಯೇಕಿಸಿ, ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲಿ ವೇಣುಗೋಪಾಲ ವನ್ಯಮೃಗೋದ್ಯಾನವೆಂದು ಕರೆದರು. 1941ರಲ್ಲಿ ಅದು ಸುಮಾರು 800 ಚದರ ಕಿಲೋಮೀಟರಿಗೆ ಬೆಳೆಯಿತು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಮೊದಲು ಆರಿಸಿಕೊಂಡ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದಾಗಿತ್ತು. ಇಷ್ಟು ಕಾಲ ಕಾಪಾಡಿಕೊಂಡು ಬಂದ ಕಾಡಿನಲ್ಲಿ ಇಷ್ಟು ಪ್ರಾಣಿಗಳಿದ್ದೂ ಮಳೆ ಬಿದ್ದೊಡನೆ ಅವು ಎಲ್ಲಿಗೆ ಹೋಗುತ್ತವೆ?

ಪ್ರಶ್ನೆಯನ್ನು ತಿರುಗಿಸಿ ಕೇಳಿದರೆ ಉತ್ತರವು ಬೇಗ ದೊರೆಯುತ್ತದೆ. ಬೇಸಗೆಯಲ್ಲಿ ಅವು ಕಾಣುವುದೇಕೆ? ಮಾಘ ಕಳೆದು ಫಾಲ್ಗುಣ ಬರುವ ಹೊತ್ತಿಗೆ ಈ ಕಾಡು ಎಲೆ ಉದುರಿಸಿ ನಿಲ್ಲುತ್ತದೆ. ನೀಲಗಿರಿ ಮತ್ತು ವಯನಾಡಿನ ಮಲೆಗಳು ಪಶ್ಚಿಮದ ಮೋಡಗಳ ನೀರನ್ನು ಹೆಚ್ಚಾಗಿ ತಾವೇ ಇಳಿಸಿಕೊಳ್ಳುವುದರಿಂದ ಅವುಗಳ ಹಿಂದಿರುವ ಈ ಸೀಮೆಗೆ ದಕ್ಕುವ ಮಳೆ ಮಿತವಾದುದು. ಕೇರಳದ ಗಡಿಯಲ್ಲಿರುವ ಮೂಲೆಹೊಳೆಯ ಕಡೆ ವರ್ಷಕ್ಕೆ ಸುಮಾರು 1,100 ಮಿಲಿಮೀಟರು ಬಿದ್ದರೆ ಪೂರ್ವಕ್ಕೆ ಗುಂಡ್ಲುಪೇಟೆಯತ್ತ ಬಂದಂತೆ ಅದು ಕಡಮೆಯಾಗುತ್ತ ಹೋಗುವುದು. ಆ ನೀರಿನಲ್ಲಿ ಬಹುಭಾಗವನ್ನು ಮರಗಳೇ ಕುಡಿದು ಗಾಳಿಗೆ ಬಿಡುತ್ತವೆಂದು ಮೂಲೆಹೊಳೆಯಲ್ಲಿ ವರ್ಷಗಟ್ಟಲೆ ಅಳತೆಮಾಡಿದ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಹಳ್ಳಗಳು ಬತ್ತುತ್ತವೆ. ಉಳಿದ ನಾಲ್ಕಾರು ಕೆರೆಗಳ ಸುತ್ತ, ಈಚೆಗೆ ಬಿಸಿಲಿನ ಶಕ್ತಿಯಿಂದ ಕೊಳವೆಬಾವಿಯ ನೀರೆತ್ತಿ ತುಂಬಿಸುವ ಕಟ್ಟೆಗಳ ಸುತ್ತ, ಆನೆ ಕಾಟಿ ಕಡವೆ ಹುಲಿಗಳೆಲ್ಲ ಬಂದು ಸೇರಲೇಬೇಕು. ಕಬಿನಿಯ ಹಿನ್ನೀರಿನಲ್ಲಿ ಬೇಸಗೆಯ ಸಂಜೆ ಕಾಣುವ ನೂರಾರು ಆನೆಗಳ ದೃಶ್ಯವು ಲೋಕಪ್ರಸಿದ್ಧವಾದುದು. ಅದೂ 1974ರಲ್ಲಿ ಮುಗಿದ ಅಣೆಕಟ್ಟಿನಿಂದಾದುದೇ. ನೀರಿಳಿದ ನೆಲದಲ್ಲಿ ಹಸಿಹುಲ್ಲು ಚಿಗುರುವುದರಿಂದ, ಬೇರೆಲ್ಲಿಯೂ ಹಸುರಿಲ್ಲದ ಕಾಲದಲ್ಲಿ ಸುತ್ತಣ ಹಿಂಡುಗಳು ಅಲ್ಲಿಗೆ ಇಳಿಯುತ್ತವೆ. ಬಂಡಿಯಲ್ಲಿ ಕುಳಿತವನು ನೋಡಿ ಹಿಗ್ಗುವುದು ಅವುಗಳ ಬಾಯಾರಿಕೆಯನ್ನು. ಮಳೆ ಬಂದರೆ ಆ ಬಂಧನವು ಹರಿಯಿತು. ಪ್ರತಿಯೊಂದು ಹೊಂಡದಲ್ಲಿಯೂ ನೀರು, ಪ್ರತಿಯೊಂದು ಇಳಿಜಾರಿನಲ್ಲಿಯೂ ಮೇವು. ಯಾರೂ ಯಾರ ಕಣ್ಣಿಗೂ ಬೀಳಬೇಕಾದ ಅಗತ್ಯವಿಲ್ಲ.

ಈ ಸಂಚಾರದ ಕ್ರಮವು ಹೊಸದಾಗಿ ಗೊತ್ತಾದುದೇನೂ ಅಲ್ಲ. ಮೈಸೂರು ಸಂಸ್ಥಾನದ ನೀರಾವರಿ ಕಾಲುವೆಗಳ ಅಧಿಕಾರಿಯಾಗಿ ಬಂದು ಚಾಮರಾಜನಗರದ ಬಳಿ ಬಿಡಾರ ಮಾಡಿಕೊಂಡಿದ್ದ ಸ್ಯಾಂಡರ್ಸನ್ ಎಂಬ ಆಂಗ್ಲೇಯನು 1878ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಬೇಸಗೆಯಲ್ಲಿ ಹೊಳೆಗಳ ಬಳಿ, ನೆರಳುಗಾಡಿನಲ್ಲಿ ಇರುವ ಆನೆಗಳು ಜೂನ್ ತಿಂಗಳ ಮೊದಲ ಮಳೆಗೆ ಹೊರಟು ಎಳೆಯ ಹುಲ್ಲನ್ನು ಮೇಯುತ್ತ ಹರಡಿಕೊಳ್ಳುವುವೆಂದೂ, ಹುಲ್ಲು ಬೆಳೆದು ಒರಟಾದ ಮೇಲೆ ತಗ್ಗಿನ ಕಾಡುಗಳಿಗೆ ಇಳಿಯುವುವೆಂದೂ ಅವನ ಹೇಳಿಕೆ. ಸುತ್ತಲ ಹಳ್ಳಿಗಳವರಿಗೆ ತಿಳಿದಿದ್ದುದನ್ನೇ ಅವನು ಕೇಳಿ, ನೋಡಿ, ಬರೆದನೆಂದರೆ ಅವನ ಗೌರವಕ್ಕೆ ಕುಂದಿಲ್ಲ. ಆ ತಿಳಿವಳಿಕೆಯ ಬಲದಿಂದಲೇ 1874ರ ಮುಂಗಾರಿನಲ್ಲಿ ಚಾಮರಾಜನಗರದ ಸೀಮೆಯಲ್ಲಿ ಖೆಡ್ಡಾ ಕಟ್ಟಿಸಿ ಐವತ್ತಕ್ಕೂ ಮಿಕ್ಕ ಆನೆಗಳನ್ನು ಒಂದೇ ಸಲಕ್ಕೆ ಹಿಡಿಸಿದನು. ಮಳೆಯ ಸುಖಕ್ಕೆಂದು ಇಳಿದುಬಂದ ಹಿಂಡು ಮಳೆಯಲ್ಲಿಯೇ ಸೆರೆಸಿಕ್ಕಿತು. ಖೆಡ್ಡಾಗಳ ಕಾಲವು 1971ರಲ್ಲಿ ಕಾಕನಕೋಟೆಯಲ್ಲಿ ಮುಗಿದುಹೋಯಿತು. ಆ ಬಳಿಕ, 1980ರ ದಶಕದ ಆರಂಭದಲ್ಲಿ, ರಾಮನ್ ಸುಕುಮಾರ್ ಅವರು ಚಾಮರಾಜನಗರ ಸತ್ಯಮಂಗಲಗಳ ನಡುವಣ ಕಾಡುಗಳಲ್ಲಿ ಆನೆಗಳನ್ನು ಹಿಂಬಾಲಿಸಿ, ಅವು ಏನನ್ನು ಯಾವ ತಿಂಗಳಲ್ಲಿ ತಿನ್ನುತ್ತವೆಂದು ಬರೆದಿಟ್ಟರು. ಒಣಗಾಲದಲ್ಲಿ ಗಿಡಮರಗಳ ಸೊಪ್ಪು ತೊಗಟೆಗಳು. ಮುಂಗಾರು ಬಂದೊಡನೆ ಹುಲ್ಲು, ಏಕೆಂದರೆ ಎಳೆಯ ಹುಲ್ಲಿನಲ್ಲಿ ಮೈಗೆ ಹಿಡಿಯುವ ಸತ್ತ್ವವು ಅಧಿಕ. ಖೆಡ್ಡಾದವನೂ ವಿಜ್ಞಾನಿಯೂ ನೂರು ವರ್ಷಗಳ ಅಂತರದಲ್ಲಿ ಒಂದೇ ಮಾತನ್ನು ಹೇಳಿದಂತಾಯಿತು.

ಇನ್ನು, ಮಳೆಗಾಲದಲ್ಲಿ ಏನೂ ಕಾಣುವುದಿಲ್ಲವೆಂಬ ಮಾತು ಎಷ್ಟರಮಟ್ಟಿಗೆ ನಿಜವೆಂದು ನೋಡಬಹುದು.

ಮೃಗಶಿರಾ ಮಳೆ ಹಿಡಿದು ನಾಲ್ಕು ದಿನವಾಗಿರಲಿ. ರಸ್ತೆಯ ಎರಡು ಬದಿಗಳಲ್ಲಿ ಗಿಡ ಸವರಿ ಬಯಲುಮಾಡಿರುವ ಪಟ್ಟಿಯಲ್ಲಿ ಹುಲ್ಲು ಮೊಳಕಾಲುದ್ದ ಎದ್ದಿರುತ್ತದೆ. ಕಾಟಿಗಳ ಹಿಂಡು ಅಲ್ಲಿಗೆ ಬರುವುದು. ತೊಯ್ದ ಮೈ ಮಸಿಯಂತೆ ಮಿರುಗುತ್ತ, ಕಾಲಿಗೆ ಬಿಳಿಯ ಕಾಲುಚೀಲ ತೊಟ್ಟಂತಿರುವ ಆ ಮಹಾಕಾಯಗಳು ತಲೆಯೆತ್ತಿ ಒಮ್ಮೆ ನೋಡಿ ಮತ್ತೆ ಮೇಯತೊಡಗುತ್ತವೆ. ಗಂಡುಜಿಂಕೆಗಳಿಗೆ ಇದು ಕೊಂಬಾಡಿಸುವ ಕಾಲ. ಮರಗಳ ಮರೆಯಲ್ಲಿ ಕೊಂಬಿಗೆ ಕೊಂಬು ತಾಕುವ ಶಬ್ದವು ಮಳೆಯ ಶಬ್ದದ ನಡುವೆಯೂ ಕೇಳುವುದು. ನವಿಲಿನ ವಿಷಯವನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ, ಕವಿಗಳು ಅದಕ್ಕೆ ಕೊರತೆ ಮಾಡಿಲ್ಲ. ಒಂದು ಮಾತನ್ನು ಮಾತ್ರ ಅವರು ಬಿಟ್ಟಿದ್ದಾರೆ: ಶ್ರಾವಣ ಭಾದ್ರಪದಗಳ ಹೊತ್ತಿಗೆ ಅದರ ಗರಿಗಳೆಲ್ಲ ಉದುರಿ, ಕುಣಿದ ಹಕ್ಕಿಯು ಬೋಳುಬಾಲದಿಂದ ಪೊದೆಯಿಂದ ಪೊದೆಗೆ ನಾಚಿದಂತೆ ಓಡುವುದು.

ಸಣ್ಣವುಗಳ ಕಡೆಗೆ ಕಣ್ಣಿಟ್ಟರೆ ಈ ಕಾಲದ ಐಶ್ವರ್ಯವು ತಿಳಿಯುತ್ತದೆ. ಕಾವ್ಯಗಳಲ್ಲಿ ಇಂದ್ರಗೋಪವನ್ನು ಓದಿದವರು ಅನೇಕರು, ಕಂಡವರು ಕೆಲವರು. ಮೊದಲ ಮಳೆಗೆ ನೆಲದಿಂದೆದ್ದು ಬರುವ ಈ ಜಂತುವು ಮಖಮಲ್ಲಿನ ಬಟ್ಟೆಯಿಂದ ಕತ್ತರಿಸಿದ ಕೆಂಪು ಗುಂಡಿಯಂತಿರುತ್ತದೆ. ಎಂಟು ಕಾಲುಗಳಿರುವುದರಿಂದ ಇದು ಕೀಟವಲ್ಲ, ಜೇಡ ಉಣ್ಣೆಗಳ ಬಳಗಕ್ಕೆ ಸೇರಿದುದು. ವರ್ಷದ ಹೆಚ್ಚಿನ ಕಾಲವನ್ನು ನೆಲದೊಳಗೆ ಕಳೆದು, ಮಳೆಯ ಸುಳಿವು ಹತ್ತಿದೊಡನೆ ಕೆಲವೇ ಗಂಟೆಗಳ ಮಟ್ಟಿಗೆ ಹೊರಬಂದು, ಅದೇ ಮಳೆಗೆ ಹುತ್ತದಿಂದೆದ್ದು ರೆಕ್ಕೆ ಕಳಚಿಕೊಂಡು ಬಿದ್ದ ಈಸಲುಹುಳುಗಳನ್ನು ತಿಂದು ಮರಳಿ ನೆಲಕ್ಕಿಳಿಯುತ್ತದೆ. ಈಸಲುಹುಳುಗಳೇಳುವ ಸಂಜೆಯಲ್ಲಿ ಇದೊಂದೇ ಅಲ್ಲ, ಕಪ್ಪೆ ಹಲ್ಲಿ ಹಕ್ಕಿ ಮುಂಗುಸಿಗಳೆಲ್ಲಕ್ಕೂ ಸಂತರ್ಪಣೆ. ಕರಡಿಗಂತೂ ಮಳೆಯಲ್ಲಿ ನೆಲ ಮೆದುವಾಗಿ ಹುತ್ತವನ್ನು ಅಗೆಯುವುದು ಸುಲಭ. ಅದರ ಮೇಲುದವಡೆಯಲ್ಲಿ ಮುಂದಿನ ಎರಡು ಹಲ್ಲುಗಳಿಲ್ಲ; ಆ ಸಂದಿಯಿಂದ ಗೆದ್ದಲುಗಳನ್ನು ಹೀರುವಾಗ ಆಗುವ ಸದ್ದು ಬಹಳ ದೂರಕ್ಕೆ ಕೇಳುತ್ತದೆ.

ಚಾತಕವೂ ಇಲ್ಲಿ ದೊರೆಯುವುದು. ಮೋಡದ ಹನಿಯಲ್ಲದೆ ಬೇರೆ ನೀರನ್ನು ಮುಟ್ಟದೆಂದು ಪಾಠಶಾಲೆಯಲ್ಲಿ ಕಲಿತುಬಂದವರಿಗೆ ಈ ಹಕ್ಕಿಯನ್ನು ಪ್ರತ್ಯಕ್ಷವಾಗಿ ನೋಡಿದರೆ ಸ್ವಲ್ಪ ಮುಜುಗರವಾದೀತು. ಕರಿಯ ಬೆನ್ನು, ಬಿಳಿಯ ಹೊಟ್ಟೆ, ತಲೆಯ ಮೇಲೆ ಚೂಪಾದ ಜುಟ್ಟು. ನೋಡಲು ವ್ರತಸ್ಥನಂತೆಯೇ ಇದೆ. ಆದರೆ ಅದು ತಿನ್ನುವುದು ಕಂಬಳಿಹುಳು, ಮೊಟ್ಟೆಯಿಡುವುದು ಹರಟೆಮಲ್ಲನ ಗೂಡಿನಲ್ಲಿ. ಮಳೆಗೂ ಅದಕ್ಕೂ ಇರುವ ನಂಟು ಮಾತ್ರ ಸುಳ್ಳಲ್ಲ. ಉತ್ತರ ಭಾರತಕ್ಕೆ ಬರುವ ಚಾತಕಗಳು ಆಫ್ರಿಕದಿಂದ ಸಮುದ್ರವನ್ನು ದಾಟಿ ಮುಂಗಾರಿನ ಗಾಳಿಯೊಡನೆ ಬರುತ್ತವೆ. ದಕ್ಷಿಣದಲ್ಲಿ ವರ್ಷವೆಲ್ಲ ಇರುವ ಸ್ವಲ್ಪ ಚಿಕ್ಕ ಜಾತಿಯೊಂದು ಬೇರೆ ಇದೆ. ಸಫಾರಿ ಎಂಬ ಮಾತೂ ಆ ಖಂಡದಿಂದಲೇ ಬಂದಿತು, ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಅದಕ್ಕೆ ಪ್ರಯಾಣವೆಂದರ್ಥ. ಮಳೆಗಾಲದ ಪೇಚಾಟವೂ ಅಲ್ಲಿಯವರಿಗೆ ಹೊಸದಲ್ಲ. ಜಾಂಬಿಯಾ ದೇಶದ ಲುವಾಂಗ್ವಾ ಕಣಿವೆಯಲ್ಲಿ ಮಳೆ ಬಂದರೆ ದಾರಿಗಳು ಕೆಸರಾಗಿ ಅನೇಕ ಸಫಾರಿ ಬಿಡಾರಗಳು ಮುಚ್ಚಿಬಿಡುತ್ತವೆ. ಸೆರೆಂಗೆಟಿಯ ಬಯಲಿನಲ್ಲಿಯಾದರೋ ಮಳೆಯನ್ನು ಹಿಂಬಾಲಿಸಿ ನಡೆಯುವ ಲಕ್ಷಾಂತರ ಮೃಗಗಳು ಫೆಬ್ರವರಿಯ ಸುಮಾರಿಗೆ ಎಳೆಹುಲ್ಲಿನ ಮೇಲೆ ಮರಿಹಾಕುತ್ತವೆ. ಅದು ಗಿಡಮರಗಳಿಲ್ಲದ ಬಯಲಾದುದರಿಂದ ನೋಡುವವನಿಗೂ ಅನುಕೂಲ. ಬಂಡೀಪುರದಲ್ಲಿ ಮಳೆಯು ಮೃಗಕ್ಕೆ ಮೇವನ್ನು ಕೊಡುವುದರ ಜೊತೆಗೆ ತೆರೆಯನ್ನೂ ಎಳೆಯುತ್ತದೆ.

ಆ ತೆರೆಯ ಹಿಂದೆ ನಡೆಯುವುದನ್ನು ತಿಳಿಯುವುದಕ್ಕೆ ಕಿವಿಯೂ ಬೇಕು, ನೆಲವನ್ನು ಓದುವ ಅಭ್ಯಾಸವೂ ಬೇಕು. ಸೀಳುನಾಯಿಗಳು ಬೊಗಳುವುದಿಲ್ಲ, ಪೊದೆಗಳಲ್ಲಿ ಚೆದುರಿದ ಗುಂಪು ಸಿಳ್ಳು ಹಾಕಿ ಒಂದನ್ನೊಂದು ಕೂಡಿಕೊಳ್ಳುತ್ತದೆ. 1970ರ ದಶಕದಲ್ಲಿ ಎ. ಜೆ. ಟಿ. ಜಾನ್‌ಸಿಂಗ್ ಅವರು ಇದೇ ಬಂಡೀಪುರದಲ್ಲಿ ಕಾಲ್ನಡಿಗೆಯಲ್ಲಿ ತಿರುಗಿ ಈ ನಾಯಿಗಳ ನಡೆವಳಿಯನ್ನು ಅಭ್ಯಾಸಮಾಡಿದರು. ಅಲ್ಲಿಯವರೆಗೆ ಅವುಗಳನ್ನು ಕ್ರೂರಜಂತುಗಳೆಂದು ಹಳಿದು ಕೊಂದವರು ಅನೇಕರು, ಕೂತು ನೋಡಿದವರು ವಿರಳ. ಕಡವೆಯ ಒಂದು ಕೂಗು, ಮುಸುವದ ಕೆಮ್ಮು, ಒಡನೆಯೇ ಜಿಂಕೆಗಳ ಎಚ್ಚರಿಕೆ, ಇಷ್ಟು ಕೇಳಿದರೆ ಹುಲಿಯೋ ಚಿರತೆಯೋ ನಡೆದುಹೋಯಿತೆಂದು ತಿಳಿದವರಿಗೆ ಸಾಕು. ಕಳ್ಳಬೇಟೆಯನ್ನು ತಡೆಯುವುದಕ್ಕಾಗಿ ಕಾಡಿನ ಒಳಗೆ ಅಲ್ಲಲ್ಲಿ ಬಿಡಾರಗಳುಂಟು. ಅಲ್ಲಿರುವ ಕಾವಲುಗಾರರಲ್ಲಿ ಅನೇಕರು ಸೋಲಿಗರು, ಜೇನುಕುರುಬರು. ಹೊಳೆ ತುಂಬಿದರೆ ಅವರಿಗೆ ಅಕ್ಕಿ ಬೇಳೆ ತಲಪುವುದು ತಡವಾಗುತ್ತದೆ. ಒದ್ದೆ ಬಟ್ಟೆ ಒಣಗುವುದಿಲ್ಲ. ಗಸ್ತು ಮಾತ್ರ ತಪ್ಪುವ ಹಾಗಿಲ್ಲ, ಬಂಡಿಗಳು ಓಡಾಡದ ಕಾಲವೇ ಕಳ್ಳನಿಗೆ ಅನುಕೂಲವಾದ ಕಾಲ. ಮಳೆ ನಿಂತ ಬೆಳಿಗ್ಗೆ ಕಾಲುದಾರಿಯು ಅವರಿಗೆ ಹಲಗೆ ಬಳಪಗಳಿದ್ದಂತೆ. ರಾತ್ರಿ ಯಾರು ಯಾವ ಕಡೆಗೆ ಹೋದರು, ಮಳೆಗೆ ಮುಂಚೆಯೋ ಅನಂತರವೋ, ಹೆಜ್ಜೆಯ ಅಂಚು ಕರಗಿದೆಯೋ ಇಲ್ಲವೋ, ಎಲ್ಲವೂ ಅಲ್ಲಿ ಬರೆದಿರುತ್ತದೆ. ಹುಲಿಯನ್ನು ವಾರಗಟ್ಟಲೆ ಕಾಣದೆಯೇ ಅದರ ದಿನಚರಿಯನ್ನು ಹೇಳಬಲ್ಲವರಿವರು.

ಇವರ ಹಿರಿಯರು ಕಾಡಿನ ಒಳಗೆಯೇ ಇದ್ದವರು. ವನ್ಯಜೀವಿ ಸಂರಕ್ಷಣೆಯ 1972ರ ಕಾನೂನಾದ ಬಳಿಕ ಅನೇಕ ಹಾಡಿ ಪೋಡುಗಳನ್ನು ಅಂಚಿಗೆ ಸಾಗಿಸಿದರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಒಣಗಾಲದ ಮೊದಲಲ್ಲಿಯೇ ನೆಲದ ತರಗಿಗೆ ಸಣ್ಣ ಬೆಂಕಿಯಿಟ್ಟು ಸುಡುತ್ತಿದ್ದರು. ತರಗು ಬೆಂಕಿಯೆಂದು ಅದಕ್ಕೆ ಹೆಸರು. ಅದು ನಿಂತ ಮೇಲೆ ಲಂಟಾನವು ಹಬ್ಬಿತೆಂದು ಅವರು ಹೇಳುವ ಮಾತನ್ನು ಈಚೆಗೆ ವಿದ್ವಾಂಸರೂ ಲಕ್ಷ್ಯಕ್ಕೆ ತಂದುಕೊಂಡಿದ್ದಾರೆ. ಹೊರದೇಶದಿಂದ ಅಲಂಕಾರಕ್ಕೆಂದು ತಂದ ಈ ಮುಳ್ಳುಗಿಡವು ಬಂಡೀಪುರದಲ್ಲಿಯೂ ಬೇಕಾದಷ್ಟು ನೆಲವನ್ನು ಆಕ್ರಮಿಸಿದೆ. ಮಳೆಯ ನೀರು ಬಿದ್ದೊಡನೆ ಹುಲ್ಲಿಗಿಂತ ಮೊದಲು ಚಿಗುರುವುದು ಅದೇ. ಅದರ ಬುಡದಲ್ಲಿ ಹುಲ್ಲು ಏಳದು. ಏಳದಿದ್ದರೆ ಆನೆಗೂ ಕಾಟಿಗೂ ಮೇವಿಲ್ಲ. ಬೇಸಗೆಯಲ್ಲಿ ಒಣಗಿ ನಿಂತರೆ 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆಗಳನ್ನು ತಿಂದುಹಾಕಿದ ಕಿಚ್ಚಿನಂಥದಕ್ಕೆ ಅದೇ ಸೌದೆ. ಪ್ರವಾಸಿಗಳ ಕಣ್ಣಿಗೆ ಇದೂ ಹಸುರೇ, ಹೂವು ಬೇರೆ ಚೆಲುವಾಗಿದೆ. ಮಳೆಗಾಲದ ಕಾಡನ್ನು ಕುರಿತು ಚಿಂತೆಪಡಬೇಕಾದ ಸಂಗತಿಯಿದ್ದರೆ ಹುಲಿ ಕಾಣಲಿಲ್ಲವೆಂಬುದಲ್ಲ, ಈ ಹಸುರಿನೊಳಗೆ ಹುಲ್ಲೆಷ್ಟು ಮುಳ್ಳೆಷ್ಟು ಎಂಬುದು.

ರಸ್ತೆಯ ವಿಷಯವಾಗಿ ಎರಡು ಮಾತು. ಹೆದ್ದಾರಿಗಳು ಈ ಕಾಡನ್ನು ಸೀಳಿಕೊಂಡು ಉದಕಮಂಡಲಕ್ಕೂ ಸುಲ್ತಾನ್ ಬತ್ತೇರಿಗೂ ಹೋಗುತ್ತವೆ. ಅಂಚಿನ ಹುಲ್ಲಿಗಾಗಿ ಮೃಗಗಳು ದಾರಿಗೇ ಬರುವುದರಿಂದ, ಮಬ್ಬಿನಲ್ಲಿ ಮಳೆಯಲ್ಲಿ ವೇಗವಾಗಿ ಬರುವ ವಾಹನಗಳಿಗೆ ಸಿಕ್ಕಿ ಸತ್ತವುಗಳ ಸಂಖ್ಯೆ ಹೆಚ್ಚಿ, 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ರಾತ್ರಿ 9ರಿಂದ ಬೆಳಿಗ್ಗೆ 6ರ ವರೆಗೆ ಸಂಚಾರವನ್ನು ನಿಷೇಧಿಸಿದರು. ವ್ಯಾಪಾರಕ್ಕೆ ತೊಂದರೆಯೆಂದು ಕೇರಳದವರ ಆಕ್ಷೇಪಣೆ ನ್ಯಾಯಾಲಯಗಳವರೆಗೂ ಹೋಯಿತು. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಒಂಬತ್ತನ್ನು ಕಾಡಿಗೆ ಬಿಟ್ಟುಕೊಡುವುದು ಹೆಚ್ಚಾಯಿತೆಂದು ಹೇಳುವವರು ಒಮ್ಮೆ ಮಳೆಯ ಸಂಜೆ ಮದ್ದೂರು ತನಿಖಾಠಾಣೆಯ ಬಳಿ ಸಾಲುಗಟ್ಟುವ ಲಾರಿಗಳನ್ನು ಎಣಿಸಿ, ಆಮೇಲೆ ಮಾತನಾಡಬಹುದು.

ಕಾಡು ಮುಗಿಯುವಲ್ಲಿಯೇ ಹೊಲಗಳು ಮೊದಲಾಗುತ್ತವೆ. ಗೋಪಾಲಸ್ವಾಮಿ ಬೆಟ್ಟದ ಮೇಲೆ ಮಂಜು ಸರಿದ ಗಳಿಗೆಯಲ್ಲಿ ನಿಂತು ನೋಡಿದರೆ ಒಂದು ಕಡೆ ಅಲೆಯಲೆಯಾದ ಕಾಡು, ಮತ್ತೊಂದು ಕಡೆ ಹಂಗಳದ ಕೆಂಪು ನೆಲದ ಚೌಕಗಳು, ನಡುವೆ ಸೂಜಿಯಿಂದ ಗೀರಿದಂತೆ ಆನೆಕಂದಕ. ಮುಂಗಾರಿಗೆ ಬಿತ್ತಿದ ಸೂರ್ಯಕಾಂತಿ ಆಷಾಢ ಶ್ರಾವಣಗಳಲ್ಲಿ ಅರಳುತ್ತದೆ. ಓಣಂ ಹಬ್ಬಕ್ಕೆ ಹೋಗಬೇಕಾದ ಚೆಂಡುಹೂವೂ ಆಗಲೇ. ಕಾಡಿನಲ್ಲಿ ಏನೂ ಕಾಣದ ಪ್ರವಾಸಿಗಳು ಬಂಡಿ ನಿಲ್ಲಿಸಿ ಈ ಹೂಗಳ ನಡುವೆ ಚಿತ್ರ ತೆಗೆಸಿಕೊಂಡು ಸಮಾಧಾನಪಟ್ಟುಕೊಳ್ಳುವುದುಂಟು. ಅದೇ ಹೊಲದ ಮೂಲೆಯಲ್ಲಿ ನಾಲ್ಕು ಕಂಬಗಳ ಮೇಲೆ ಒಂದು ಅಟ್ಟಣೆ ಇರುವುದನ್ನು ಅವರು ಗಮನಿಸುವುದಿಲ್ಲ.

ಮಳೆಗಾಲದಲ್ಲಿ ಮೃಗದರ್ಶನವು ತಪ್ಪದೆ ಆಗುವುದು ಈ ಅಟ್ಟಣೆಯ ಮೇಲಿರುವವನಿಗೆ. ಅವನು ಹುಡುಕಿಕೊಂಡು ಹೋಗುವವನಲ್ಲ, ಮೃಗವೇ ಅವನನ್ನು ಹುಡುಕಿಕೊಂಡು ಬರುತ್ತದೆ. ಜೋಳ ತೆನೆಗಟ್ಟಿದರೆ ಹಂದಿ. ಮುಸುಕಿನ ಜೋಳಕ್ಕೂ ಹಂದಿ, ಆನೆ. ಆಶ್ವಯುಜ ಕಾರ್ತಿಕಗಳಲ್ಲಿ ರಾಗಿ ಹಾಲುಗಟ್ಟುವ ಹೊತ್ತಿಗೆ ಕಾಡಿನ ಹುಲ್ಲು ಬಲಿತು ಒರಟಾಗಿರುವುದರಿಂದ ಸಲಗಗಳೇ ಬರುತ್ತವೆ. ಹೊಲದ ಬೆಳೆಯಲ್ಲಿ ಕಾಡುಹುಲ್ಲಿಗಿಂತ ಸತ್ತ್ವವೂ ಉಪ್ಪಿನಂಶವೂ ಹೆಚ್ಚೆಂದೂ, ಒಂಟಿ ಗಂಡಾನೆಗಳು ಹೆಣ್ಣು ಮರಿಗಳ ಹಿಂಡಿಗಿಂತ ಹಲವು ಪಟ್ಟು ಹೆಚ್ಚಾಗಿ ಹೊಲಕ್ಕಿಳಿಯುವುವೆಂದೂ ಸುಕುಮಾರ್ ಅವರೇ ತೋರಿಸಿದ್ದಾರೆ. ಕಂದಕದ ಮಣ್ಣು ಮಳೆಗೆ ಕುಸಿದ ಕಡೆಯಲ್ಲಿ ಅವು ಜಾರಿಕೊಂಡೇ ಇಳಿದು ಹತ್ತುತ್ತವೆ. ಬಿಸಿಲಿನಿಂದ ವಿದ್ಯುತ್ತು ಪಡೆಯುವ ತಂತಿಬೇಲಿಯನ್ನು ಒಣಮರ ಕೆಡಹಿ ಮಲಗಿಸುವ ಉಪಾಯವೂ ಅವುಗಳಿಗೆ ಗೊತ್ತು. ಹಳೆಯ ರೈಲುಕಂಬಿಗಳನ್ನು ನೆಟ್ಟು ಕಟ್ಟಿರುವ ತಡೆಯು ಇದಕ್ಕಿಂತ ಮೇಲೆಂದು ಎಲ್ಲರೂ ಒಪ್ಪುತ್ತಾರೆ. ಕಾಡಿನ ಅಂಚಿಗೆಲ್ಲ ಅದನ್ನು ಹಾಕಿ ಮುಗಿಸುವುದು ಮಾತ್ರ ವೆಚ್ಚದ ಕೆಲಸ. ಅಟ್ಟಣೆಯವನ ಆಯುಧಗಳಾದರೋ ತಮಟೆ, ಪಟಾಕಿ, ಒಂದು ಬ್ಯಾಟರಿ, ಗಂಟಲು. ಕಂಡಿರೇ ಎಂದು ಪ್ರವಾಸಿ ಕೇಳಿದರೆ, “ನೀವು ದುಡ್ಡು ಕೊಟ್ಟು ನೋಡಕ ಬತ್ತೀರಿ ಸಾಮಿ, ನಮ್ ತಾವ್ಕ ಅವೇ ಬತ್ತವ” ಎನ್ನುವ ಧಾಟಿಯ ಉತ್ತರ ಬರುವುದು.

ನಗುತ್ತ ಹೇಳಿದರೂ ಅದರಲ್ಲಿ ನಗೆಯಿಲ್ಲ. 2025ರ ಅಕ್ಟೋಬರ್ ನವೆಂಬರುಗಳಲ್ಲಿ ನೆರೆಯ ಸರಗೂರು ತಾಲ್ಲೂಕಿನ ಕಾಡಂಚಿನಲ್ಲಿ ಹುಲಿಯ ಬಾಯಿಗೆ ರೈತರು ಬಲಿಯಾದಾಗ, ಸಫಾರಿಯ ಗದ್ದಲದಿಂದಲೇ ಹುಲಿಗಳು ಊರಿಗೆ ಬರುತ್ತಿವೆಯೆಂದು ಜನಗಳು ಸಿಟ್ಟಿಗೆದ್ದರು. ಸರ್ಕಾರದವರು ನವೆಂಬರಿನಲ್ಲಿ ಬಂಡೀಪುರ ನಾಗರಹೊಳೆಗಳೆರಡರಲ್ಲಿಯೂ ಸಫಾರಿಯನ್ನು ನಿಲ್ಲಿಸಿದರು. ಬಂಡಿಗಳ ಸದ್ದಿಗೂ ಹುಲಿಗಳು ಹೊರಬರುವುದಕ್ಕೂ ಸಂಬಂಧ ಎಷ್ಟೆಂಬುದು ಬೇರೆ ಮಾತು. ಮನೆಯವನನ್ನು ಕಳೆದುಕೊಂಡವರ ಎದುರಿನಲ್ಲಿ ಆ ಚರ್ಚೆಯನ್ನು ತೆಗೆಯುವುದು ಕಷ್ಟ. ಸಿಟ್ಟಿನಲ್ಲಿ ಬೇಲಿಗೆ ಮನೆಯ ವಿದ್ಯುತ್ತನ್ನೇ ಹರಿಸಿ ಆನೆಯನ್ನು ಕೊಂದು ಸೆರೆಮನೆಗೆ ಹೋಗುವವರೂ ಉಂಟು. ಹಾಗೆಂದು ಈ ಸೀಮೆಯ ರೈತನು ಆನೆಯನ್ನು ಬರಿಯ ವೈರಿಯೆಂದು ಭಾವಿಸಿದ್ದಾನೆಂದು ತಿಳಿಯಬಾರದು. ರಾಗಿಯನ್ನು ತುಳಿದುಹೋದ ಸಲಗವನ್ನು ಬೈಯುವ ಬಾಯಲ್ಲಿಯೇ ಅದರ ದಂತ ಎಷ್ಟುದ್ದವೆಂದು ಕೈಚಾಚಿ ತೋರಿಸುವಾಗ ಕಣ್ಣಿನಲ್ಲಿ ಬೇರೆಯೇ ಒಂದು ಬೆಳಕಿರುತ್ತದೆ.

ಬೆಳಗಾದ ಮೇಲೆ ಅಟ್ಟಣೆಯಿಂದಿಳಿದು ಹೊಲವನ್ನು ಸುತ್ತಿನೋಡುವುದು ಒಂದು ಕೆಲಸ. ಎಷ್ಟು ಗುಂಟೆ ಹೋಯಿತು, ಬಂದುದು ಒಂದೋ ಎರಡೋ, ಹೋದುದು ಯಾವ ಕಡೆಯಿಂದ. ಪರಿಹಾರಕ್ಕೆ ಅರ್ಜಿ ಹಾಕಬೇಕು. ಅದಕ್ಕೆ ಚಿತ್ರ, ಪಹಣಿ, ಸಾಕ್ಷಿಗಳು ಬೇಕು. ಹೊತ್ತೇರುವಷ್ಟರಲ್ಲಿ ಇಲಾಖೆಯ ಕಾವಲುಗಾರನು ಮಹಜರಿಗೆ ಬರುತ್ತಾನೆ. ರಾತ್ರಿಯ ಮಳೆಗೆ ತುಂಬಿದ ಹೆಜ್ಜೆಗಳಲ್ಲಿ ನೀರು ನಿಂತು ಆಕಾಶ ಕಾಣುತ್ತಿರುತ್ತದೆ. ಅವನು ಬಗ್ಗಿ ಒಂದು ಹೆಜ್ಜೆಗೆ ಟೇಪು ಹಿಡಿದು, ಅಂಚು ಕರಗಿರುವುದನ್ನು ನೋಡಿ, ಮಳೆಗೆ ಮುಂಚೆಯೇ ಬಂದು ಹೋಗಿದೆ ಎನ್ನುತ್ತಾನೆ. ಹೊಲದವನು ಹೌದೆಂದು ತಲೆದೂಗಿ, ಹೊತ್ತನ್ನೂ ಹೇಳಿ ಬರೆಸುತ್ತಾನೆ.